ನೂರು ಗಜದ ಆಚೆ

ಸಾಲಿ ಓಣಿ, ಇಂಡಿ
ತಾ. ೧೮-೭-೨೦೨೫

ಸೋಮಣ್ಣಾ,

"ಪ್ರೀತಿಯ" ಅಂತ ಬರದು ಹೊಡದು ಹಾಕೇನಿ, ಮ್ಯಾಲೆ ಗೀಟು ಕಾಣತೈತಿ ನೋಡು. ಆರಾಮ ಇದ್ದೀಯಾ? ಹ್ವಾದ ಸಲ ಅವ್ವ ನಿನ್ನ ನೋಡಿ ಬಂದು "ಬಾಳ ಸೊರಗ್ಯಾನ" ಅಂತ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ನಾವು ಆರಾಮ ಅದೇವಿ. ಅವ್ವಗ ಮೊಣಕಾಲ ಬ್ಯಾನಿ ಐತಿ, ಅದು ಯಾವಾಗಿಲ್ಲ ಹೇಳು. ಈ ಪತ್ರ ಜೈಲಿನ ಸಾಹೇಬರು ಒಡದು ಓದತಾರಂತ. ಓದಲಿ. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ಬರದದ್ದು, ತಪ್ಪಿದ್ರ ಅವರೇ ತಿದ್ದಲಿ.

ಅವ್ವ ಮನಿಗೆ ಸುಣ್ಣ ಹಚ್ಚಸಾಕತ್ತಾಳ. ನಿನ್ನ ಬಿಡುಗಡಿ, ನಾಗರ ಪಂಚಮಿ, ಎರಡೂ ಒಂದೇ ವಾರಕ್ಕ ಬಂದಾವ. ಶೇಂಗಾ ಹುರಕೋತ "ನನ್ನ ಮಗಾ ಶಿಕ್ಷಾ ಉಂಡು ಬರಾಕತ್ತಾನ, ಇನ್ನೇನ ಬೇಕು ಮಂದಿಗೆ?" ಅಂತ ಓಣಿಗೆಲ್ಲಾ ಕೇಳೂಹಂಗ ಒದರತಾಳ. ನೀ ಉಂಡದ್ದು ಖರೆ. ಆ ಹುಡುಗಿ ಉಂಡದ್ದು ಎಲ್ಲಿ ಹೋತು? ಆಕೀ ಹೆಸರು ಬರಿಯಂಗಿಲ್ಲ, ನಿನಗ ಗೊತ್ತೈತಿ. ಮೂರನೇ ಕ್ಲಾಸಿನ ಕೂಸು, ಚಾಕಲೇಟ ಕೊಳ್ಳಾಕ ನಮ್ಮ ಅಂಗಡಿಗೆ ಬಂದಿತ್ತು. ಕೋರ್ಟಿನ್ಯಾಗ ಆಕೀ ಹೇಳಿದ್ದು ನಾ ನಂಬೇನಿ. ಅವ್ವ ಇವತ್ತಿಗೂ ನಂಬಿಲ್ಲ. ಅದರ ಸಲುವಾಗಿ ಜಗಳಾಡಿ ಜಗಳಾಡಿ, ಈಗ ಜಗಳಾಡಾಕೂ ಬ್ಯಾಸರಾಗೇತಿ ನಮಗ. ನಾ ಸಾಲಿ ಬಿಟ್ಟದ್ದೂ ಅದೇ ವರ್ಷ. ನನ್ನ ಬಾಜೂಕ ಯಾರೂ ಕುಂಡ್ರಲಿಲ್ಲ. ಮಾಡಿದಾವ ನೀ, ಬೆಂಚು ಖಾಲಿ ಆದದ್ದು ನಂದು.

ಒಂದು ಸುದ್ದಿ ಅವ್ವ ನಿನಗ ಹೇಳಿಲ್ಲ. ಹ್ವಾದ ವರ್ಷ ಕಚೇರಿ ಮಂದಿ ಇಬ್ಬರು ಟೇಪು ಹಿಡಕೊಂಡು ಬಂದ್ರು. ಸಾಲಿ ಗೇಟಿನಿಂದ ನೂರು ಗಜದೊಳಗ ಬೀಡಿ, ಸಿಗರೇಟು ಮಾರಂಗಿಲ್ಲಂತ. ಅಳಿಯಾಕ ಬಂದಾವನ ಬಾಯಾಗೂ ತಂಬಾಕ ಇತ್ತು, ಅದು ಬಿಡು. ನಮ್ಮ ಪಡಸಾಲ್ಯಾಗಿನ ಅಂಗಡಿ ಗೇಟಿಗೆ ಎದುರಾಎದುರು, ಟೇಪು ಪೂರ್ತಿ ಬಿಚ್ಚೂ ಕೆಲಸನೇ ಬೀಳಲಿಲ್ಲ. ಅಂಗಡಿ ಅಲ್ಲಿಂದ ಕಿತ್ತು ಬಸ್ ಸ್ಟ್ಯಾಂಡ್ ಕಡೆ ಒಂದು ತಗಡಿನ ಡಬ್ಬಿ ಅಂಗಡಿ ಇಟ್ಟೇನಿ, ನಾನೇ ಕುಂಡ್ರತೇನಿ. ಮನಿ ಮಾತ್ರ ಅಲ್ಲೇ ಐತಿ, ಗೇಟಿನ ಎದುರಿಗೆ. ನೀ ಬರೂದು ಗೊತ್ತಾಗಿ ಓಣಿ ಮಂದಿ ಪೊಲೀಸ ಠಾಣೇಕ ಹೋದ್ರು. ನಾನೂ ಹೋಗಿ ಹಿಂದ ನಿಂತಿದ್ದೆ. "ಶಿಕ್ಷಾ ಮುಗಿಸಿದಾವ ತನ್ನ ಮನ್ಯಾಗ ಇರತಾನ. ಬ್ಯಾಡ ಅನ್ನಾಕ ನಮ್ಮಲ್ಲಿ ಕಾನೂನ ಇಲ್ರಿ. ಮತ್ತ ಏನರೆ ಮಾಡಿದ್ರ ಬಂದು ಹೇಳ್ರಿ" ಅಂದ್ರು ಸಾಹೇಬರು. ಮತ್ತ ಮಾಡೂಮಟ ಕಾಯಬೇಕಂತ! ಸಾಲಿ ಹುಡುಗರ ಟಂಟಂ ಗಾಡಿ ಹೊಡಿಯೂ ಫಯಾಜ ಮೊಬೈಲ ತೋರಿಸಿದ. ಅಮೇರಿಕಾದಾಗ ಇಂಥಾವರು ಸಾಲಿ ಸನೇಕ ಮನಿ ಮಾಡಂಗಿಲ್ಲಂತ. "ಅಲ್ಲೂ ಸುಖ ಇಲ್ಲಬೇ ಸುಜಾತಾ, ಎಲ್ಲಾ ಕಡೆಯಿಂದ ಹೊಡದಟ್ಟಿ, ಕಡೀಕ ಸೇತುವಿ ಕೆಳಗ ಮಲಗತಾರಂತ" ಅಂತನೂ ಅಂದ. ನನಗ ಆ ದೇಶದ್ದು ತಿಳಿಯಂಗಿಲ್ಲ. ನಮ್ಮಲ್ಲಿ ಬೀಡಿಗೆ ನೂರು ಗಜ ಐತಿ, ಮನಷ್ಯಾಗ ಗೇಣೂ ಇಲ್ಲ, ಅಷ್ಟ ತಿಳೀತು.

ನಾ ಸಣ್ಣಾಕಿ ಇದ್ದಾಗ ಪಂಚಮಿಗೆ ಗೇಟಿನ ಬಾಜೂ ಬೇವಿನ ಗಿಡಕ್ಕ ಹಗ್ಗ ಕಟ್ಟಿ ನನ್ನ ಜೋಕಾಲಿ ತೂಗತಿದ್ದಿ. "ಗಟ್ಟಿ ಹಿಡ್ಕೋ ಸುಜಿ, ನಾ ಅದೇನಿ" ಅಂತಿದ್ದಿ. ಅದು ಮರತಿದ್ರ ಇಷ್ಟು ಸಿಟ್ಟು ಬರತಿರಲಿಲ್ಲ. ಈಗೂ ಅದೇ ಗಿಡಕ್ಕ ಹುಡುಗ್ಯಾರು ಹಗ್ಗ ಕಟ್ಟತಾರ, ನಮ್ಮ ಬಾಗಲ ತಗದ್ರ ಕಾಣತೈತಿ. ಸೊಲ್ಲಾಪುರದ ಮಾಳಿಂಗಪ್ಪ ಮಾವಗ ಫೋನ್ ಮಾಡಿದ್ದೆ. ಅವನ ಲಾರಿ ಮ್ಯಾಲೆ ಕ್ಲೀನರ್ ಬೇಕಾಗ್ಯಾನ. ನಿಂದೆಲ್ಲಾ ಬಿಚ್ಚಿ ಹೇಳೇನಿ, ಏನೂ ಮುಚ್ಚಿಟ್ಟಿಲ್ಲ. "ನನ್ನ ಕಣ್ಣಮುಂದ ಇರಲಿ" ಅಂದ. ಬಿಡುಗಡಿ ದಿನ ಜೈಲಿನ ಬಾಗಲಿಗೆ ಅವ್ವನೂ ಬರತಾಳ, ಅವನೂ ಬರತಾನ. ಯಾರ ಸಂಗಾಟ ಹೋಗಬೇಕು ಅನ್ನೂದು ನೀ ನೋಡು. ಹಿಂಗ ಮಾಡು ಅನ್ನಾಕ ಪೊಲೀಸರ ಕೈಯಾಗೇ ಕಾನೂನ ಇಲ್ಲ, ನಾ ಯಾರು?

ಅವ್ವ ಆಶೀರ್ವಾದ ಬರಿ ಅಂದಾಳ, ಬರದೇನಿ. ಮೈ ಕಡೆ ಲಕ್ಷ್ಯ ಇರಲಿ.

ನಿನ್ನ ತಂಗಿ,
ಸುಜಾತಾ

ತಾ.ಕ.: ಪತ್ರ ಅಂಟಸೂದರಾಗ ಆ ಹುಡುಗಿನೇ ನಮ್ಮ ಡಬ್ಬಿಗೆ ಬಂದಳು. ಪೆನ್ ಬೇಕಂದಳು, ಅದು ನೆವ ಅಷ್ಟ. ಒಂದು ವರ್ಷ ಸಾಲಿನೇ ಬಿಟ್ಟಿದ್ದಳು. ಆಮ್ಯಾಲೆ ನಮ್ಮ ಮನಿ ತಪ್ಪಿಸಿ ಹಿತ್ತಲ ಸಂದ್ಯಾಗಿಂದ ಹೋಗತಿದ್ದಳು. ಅಂಗಡಿ ಅಲ್ಲಿಂದ ಕಿತ್ತ ಮ್ಯಾಲೆ ಗೇಟಿನಿಂದ ಹೋಗತಾಳ. ಈಗ ಎಂಟನೇ ಕ್ಲಾಸು, ನಾ ಬಿಟ್ಟ ಕ್ಲಾಸು. ಪೆನ್ ತಗೊಂಡ ಮ್ಯಾಲೂ ನಿಂತಳು. "ಅಕ್ಕಾ, ನಿಮ್ಮಣ್ಣ ಬರತಾನಂತಲ್ಲಾ?" ಅಂದಳು. "ಇಲ್ಲವಾ, ಬರಂಗಿಲ್ಲ" ಅಂದೆ. ಅಂದುಬಿಟ್ಟೇನಿ ಅಣ್ಣಾ. ಪಂಚಮಿ ಉಂಡಿ ನಾನೇ ಸೊಲ್ಲಾಪುರಕ್ಕ ತರತೇನಿ. ನೀ ಲಾರಿ ಹತ್ತು.