ರಸ್ತೆ ದಾಟುವಾಗ ಬಲಕ್ಕೆ ನೋಡಿ

ಹರ್ನ್‌ಡನ್, ಅಮೆರಿಕ, ಮೇ 2016

ಮುರಳೀಧರ ಅಂಕಲ್,

ಇಂಗ್ಲೆಂಡಿನ ಹಡಗು ಪ್ರವಾಸಕ್ಕೆ ನೀವು ಬರೆದ ಸೂಚನೆಗಳನ್ನು ಸಿಂದಗಿಯಿಂದ ಬಂದಿರುವ ಅವ್ವನಿಗೆ ಓದಿ ಹೇಳಿದೆ. ಲಿವರ್‌ಪೂಲಿನಲ್ಲಿ ಕೊಡೆ ಬೇಕು, ಸೌತಾಂಪ್ಟನ್‌ನಿಂದ ಲಂಡನ್ನಿಗೆ ಹೋದವರು ಬೇಗ ಮರಳಬೇಕು, ಹಡಗು ಯಾರಿಗೂ ಕಾಯುವುದಿಲ್ಲ. ಎಲ್ಲ ಸರಿ. ನನ್ನ ವೀಸಾ ಇನ್ನೂ ನವೀಕರಣವಾಗಿಲ್ಲ, ದೇಶ ಬಿಟ್ಟರೆ ಮರಳಲಾಗದು. ಅವ್ವ ನಿಮ್ಮ ಗುಂಪಿನೊಂದಿಗೆ ಒಬ್ಬಳೇ ಬರುತ್ತಾಳೆ.

ಕಳೆದ ವಾರ ಎಲ್ಲರೂ ಮನೆಯಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ ನಿಮ್ಮ ಗುಂಪಿನ ವಸಂತಾ ಆಂಟಿ, "ನೀವು ಯಾವ ಪೈಕಿ?" ಎಂದು ಕೇಳಿದರು. "ನಾವು ಹೊಲ್ಯಾರ್ರೀ" ಎಂದಳು ಅವ್ವ. ಆಮೇಲೆ ಅವಳು ತಂದ ಶೇಂಗಾ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. ಮರುದಿನ ನಿಮ್ಮ ಫೋನು: "ಶಿಪ್ಪಲ್ಲಿ ಅವರಿಗೆ ಸೆಪರೇಟ್ ಟೇಬಲ್ ಬುಕ್ ಮಾಡ್ಸಿದೀನಪ್ಪ, ಕಂಫರ್ಟಬಲ್ ಆಗಿರ್ತಾರೆ." ಕೇರಿ ಬಿಟ್ಟು ಸಮುದ್ರ ದಾಟಿದರೂ ಈ ಕಂಫರ್ಟು ನಮ್ಮ ಬೆನ್ನು ಬಿಡಲಿಲ್ಲ. ಜಗಳ ಆಡಿ ಆಡಿ ನನಗೂ ದಣಿವಾಗಿದೆ. ಆ ಟೇಬಲ್ ರದ್ದು ಮಾಡಿಸಿ. ಅವ್ವ ಎಲ್ಲರ ನಡುವೆ ಕೂತು ಉಣ್ಣುತ್ತಾಳೆ.

ಇನ್ನೊಂದು. "ಹಳ್ಳಿಯಿಂದ ಬಂದ ಹಿರಿಯರ ಕೈ ಹಿಡಿದು ರಸ್ತೆ ದಾಟಿಸಿ" ಎಂದು ಬರೆದಿದ್ದೀರಿ. ಇಂಗ್ಲೆಂಡಿನಲ್ಲೂ ನಮ್ಮೂರಿನಂತೆ ಗಾಡಿಗಳು ಎಡಬದಿಯಲ್ಲಿ ಓಡುತ್ತವೆ, ದಾಟುವವರಿಗೆ ಬಲದಿಂದ ಎದುರಾಗುತ್ತವೆ. ಅವ್ವ ರೂಢಿಯಂತೆ ಬಲಕ್ಕೇ ನೋಡುತ್ತಾಳೆ. ಇಪ್ಪತ್ತು ವರ್ಷ ಅಮೆರಿಕದಲ್ಲಿ ಓಡಾಡಿದ ನೀವು ಎಡಕ್ಕೆ ನೋಡಿ ಕಾಲಿಡುತ್ತೀರಿ. ಆಗ ಅವಳ ಕೈ ಹಿಡಿದುಕೊಳ್ಳಿ. ದಾಟಿಸುತ್ತಾಳೆ. "ನೀವು ಯಾವ ಪೈಕಿ?" ಎಂದು ಕೇಳುವುದಿಲ್ಲ.

ಇಂತಿ,
ದುರ್ಗವ್ವನ ಮಗ ಮಿಲಿಂದ