ಎಂಟು ಬೋಲ್ಟ್

ನವೆಂಬರ್ 19, ಬುಧವಾರ. ಸಂಜೆ

ಬ್ಲಾಕ್ ಹೋನಿಂಗ್ ಮುಗಿಯಿತು, ಸಿಲಿಂಡರಿನ ಒಳಮೈ ನಯವಾಗಿದೆ. ನಾಲ್ಕೂ ಬೋರ್ ಒಂದೇ ಅಳತೆ. ಬೇರಿಂಗಿನ ಸಂದು ಪುಸ್ತಕ ಹೇಳಿದಷ್ಟೇ. ಎರಡು ಲೀಟರ್ ಎಂಜಿನ್, ಇನ್ನೂರ ನಲವತ್ತು ಹಾರ್ಸ್‌ಪವರ್, ನಿಮಿಷಕ್ಕೆ ಎಂಟು ಸಾವಿರದ ಆರುನೂರು ಸುತ್ತು! ನಮ್ಮ ಬೈಲಹೊಂಗಲದ ಗ್ಯಾರೇಜಿಗೆ ಬರುವ ಟ್ರ್ಯಾಕ್ಟರ್‌ಗಳು ಎರಡು ಸಾವಿರದ ಇನ್ನೂರಕ್ಕೇ ಏದುಸಿರು ಬಿಡುತ್ತವೆ.

ವಾಸೀಮ್ ಮತ್ತೆ ಬಂದಿದ್ದ. ಸವದತ್ತಿಯಲ್ಲಿ ಟೈರ್ ಅಂಗಡಿ, ತಲೆ ತುಂಬ ರೇಸ್. ಈ ಎಂಜಿನ್ ತನ್ನ ಕಾರಿಗೆ ಹಾಕಿ ಡಿಸೆಂಬರ್ ಏಳಕ್ಕೆ ಕೊಲ್ಹಾಪುರದ ಕಡೆ ರೇಸ್ ಟ್ರ್ಯಾಕ್ ಮೇಲೆ ಓಡಿಸಬೇಕಂತೆ.

"ಬೆಳಗಾವ್ಯಾಗ ಯಾರೂ ಈ ಎಂಜಿನ್ನಿಗೆ ಕೈ ಹಚ್ಚಲಿಲ್ರಿ ಅಕ್ಕಾ. ನೀವ ಹೂಂ ಅಂದ್ರಿ. ನನ್ನ ಜೀವಾ ನಿಮ್ಮ ಕೈಯಾಗೈತಿ ನೋಡ್ರಿ."

ನಗುತ್ತಲೇ ಹೇಳಿದ. ಆದರೂ...

ಪಿಸ್ಟನ್ ಹಿಡಿಯುವ ಕನೆಕ್ಟಿಂಗ್ ರಾಡಿನ ಹೊಸ ಬೋಲ್ಟ್ ಎಂಟು ಬಂದಿವೆ. ಬಿಗಿ ಮಾಡಿದಾಗ ಹಿಗ್ಗುವ ಜಾತಿ. ಒಮ್ಮೆ ಹಾಕಿದ್ದನ್ನು ಮತ್ತೆ ಹಾಕುವಂತಿಲ್ಲ. ಹಳೆಯ ಎಂಟನ್ನು ಎಸೆಯಹೋದರೆ ಅಪ್ಪ ಕೈ ಹಿಡಿದ.

"ಛಲೋ ಬೋಲ್ಟ್ ಒಗೀತಾರೇನವಾ ಅನ್ನಪೂರ್ಣಾ? ಥ್ರೆಡ್ ನೋಡು, ಒಂದೂ ಹೋಗಿಲ್ಲ."

ನಲವತ್ತು ವರ್ಷ ಟ್ರ್ಯಾಕ್ಟರ್ ಎಂಜಿನ್ ಕಟ್ಟಿದ ಮನುಷ್ಯ. ಹಳೆಯವನ್ನು ಬೇರೆ ಡಬ್ಬಿಗೆ ಹಾಕಿಟ್ಟೆ.

ನಾಳೆ ಅಮಾವಾಸ್ಯೆ, ಸ್ಪ್ಯಾನರ್ ಹಿಡಿಯುವಂತಿಲ್ಲ. ಅಪ್ಪ ಆಗಲೇ ಪರಾತದಲ್ಲಿ ಡೀಸೆಲ್ ಸುರಿದುಕೊಂಡು ಕೂತಿದ್ದಾನೆ. ಹತ್ಯಾರ, ನಟ್ಟು, ಬೋಲ್ಟ್ — ಮೇಜಿನ ಮೇಲಿರುವುದೆಲ್ಲ ತೊಳೆದು, ಒರೆಸಿ, ಪೂಜೆಗೆ ಸಾಲಾಗಿ ಇಡಬೇಕು. ಈ ಕೆಲಸ ಬೇರೆ ಯಾರಿಗೂ ಕೊಡುವುದಿಲ್ಲ.

ನವೆಂಬರ್ 21, ಶುಕ್ರವಾರ

ಎಂಜಿನ್ ಕಟ್ಟಿದೆ. ವಾಸೀಮ್ ಬೆಳಗ್ಗೆಯಿಂದ ತಲೆ ತಿಂದ. "ಆತೇನ್ರಿ ಅಕ್ಕಾ, ಆತೇನ್ರಿ?" ಹೊಸ ಬೋಲ್ಟಿನ ಡಬ್ಬಿ ತೆಗೆದು, ಎಣ್ಣೆ ಹಚ್ಚಿ, ಟಾರ್ಕ್ ರೆಂಚಿನಿಂದ ಬಿಗಿದು, ಮೇಲೆ ತೊಂಬತ್ತು ಡಿಗ್ರಿ ತಿರುಗಿಸಿದೆ. ಅಪ್ಪ ಬಾಗಿಲಲ್ಲಿ ಕೂತು ನೋಡಿದ. ಅವನ ಕೈ ಈಗ ನಡುಗುತ್ತದೆ, ಇಂಥ ಕೆಲಸ ಮಾಡಲಾರ.

ಮಾಡಿದ ಕೆಲಸಕ್ಕೆಲ್ಲ ಟಿಕ್ ಹಾಕಿ, ಜಾಬ್ ಕಾರ್ಡ್ ತುಂಬಿ ವಾಸೀಮ್ ಕೈಗೆ ಕೊಟ್ಟೆ.

ನವೆಂಬರ್ 25, ಮಂಗಳವಾರ

ಎರಡನೇ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಚಾಲೂ! ಆಯಿಲ್ ಪ್ರೆಶರ್ ಸರಿ. ಸೋರಿಕೆ ಇಲ್ಲ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು. ನನ್ನ ಕೈಯಲ್ಲಿ ಕಟ್ಟಿದ್ದು. ಹೆಮ್ಮೆ ಆಯಿತು, ಸುಳ್ಳೇಕೆ ಹೇಳಲಿ.

ಡಿಸೆಂಬರ್ 5, ಶುಕ್ರವಾರ. ಬೆಳಗ್ಗೆ 11

ಹಳೆ ಬೋಲ್ಟಿನ ಡಬ್ಬಿ ಗುಜರಿಗೆ ಹಾಕಲು ತೆಗೆದೆ. ಎಂಟರಲ್ಲಿ ಮೂರರ ತಲೆಯ ಮೇಲೆ ಸಾಕೆಟ್ ಹಚ್ಚಿ ಬಿಗಿದ ಗುರುತೇ ಇಲ್ಲ. ಮೈಕ್ರೋಮೀಟರ್ ಹಿಡಿದೆ. ಐದು ಹಿಗ್ಗಿವೆ. ಮೂರು ಹೊಚ್ಚ ಹೊಸವು.

ಅಂದರೆ ಹಳೆಯ ಮೂರು ವಾಸೀಮನ ಎಂಜಿನ್ನಿನಲ್ಲಿವೆ.

ಅಮಾವಾಸ್ಯೆಗೆಂದು ಅಪ್ಪ ಎರಡೂ ಡಬ್ಬಿಯದನ್ನು ಒಂದೇ ಪರಾತದಲ್ಲಿ ತೊಳೆದಿದ್ದಾನೆ. ಪೂಜೆ ಮುಗಿದ ಮೇಲೆ ಎಂಟೆಂಟು ಎಣಿಸಿ ಡಬ್ಬಿಗೆ ಹಾಕಿದ್ದಾನೆ. ಹದಿನಾರೂ ಒಂದೇ ಹೊಳಪು.

ಆದರೆ ವಾಸೀಮನಿಗೆ ಕೊಟ್ಟ ಜಾಬ್ ಕಾರ್ಡಿನಲ್ಲಿ "ಬೋಲ್ಟ್ ಉದ್ದ ಅಳೆದಿದೆ" ಎಂಬಲ್ಲಿ ಎಂಟು ಟಿಕ್ ಇವೆ. ನನ್ನವು. ಅಳೆದಿರಲಿಲ್ಲ. ಹೊಸವು ತಾನೇ, ಹುಡುಗ ಬೇರೆ ಅವಸರ ಮಾಡುತ್ತಿದ್ದಾನೆ ಎಂದು ಸುಮ್ಮನೆ ಗೀಚಿದೆ. ಎಂಟೂ ಸುಳ್ಳು. ಅಳೆದಿದ್ದರೆ ಹಿಗ್ಗಿದ ಮೂರು ಅಲ್ಲೇ ಸಿಕ್ಕಿಬೀಳುತ್ತಿದ್ದವು.

12.30

ಟ್ರ್ಯಾಕ್ಟರಿನಲ್ಲಾದರೆ ಹಳೆ ಬೋಲ್ಟೇ ಹತ್ತು ವರ್ಷ ನಡೆಯುತ್ತವೆ. ಇದಕ್ಕೂ ಏನೂ ಆಗಲಿಕ್ಕಿಲ್ಲ... ಯಾರಿಗೆ ಹೇಳುತ್ತಿದ್ದೇನೆ? ಸೆಕೆಂಡಿಗೆ ನೂರಾ ನಲವತ್ತು ಸಲ ಪಿಸ್ಟನ್ನನ್ನು ಎಳೆದು ಹಿಡಿಯುವುದು ಇವೇ ಬೋಲ್ಟು. ಒಂದು ತುಂಡಾದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ. ಎಣ್ಣೆ ನೇರ ಟೈರಿನ ಕೆಳಗೆ. ನೂರಾ ಎಂಬತ್ತರ ಸ್ಪೀಡಿನಲ್ಲಿ. ಭಯವಾಗುತ್ತಿದೆ.

ಅಪ್ಪನಿಗೆ ಬೋಲ್ಟ್ ತೋರಿಸಿದೆ. ಟಿಕ್‌ನ ವಿಷಯ ಎತ್ತಲಿಲ್ಲ.

"ನಾನ ತೊಳದೇನಿ," ಅಂದ. ಊಟಕ್ಕೆ ಏಳಲಿಲ್ಲ.

ಡಿಸೆಂಬರ್ 6, ಶನಿವಾರ. ಸಂಜೆ 5

ನಿನ್ನೆಯಿಂದ ಎಷ್ಟು ಸಲ ಫೋನ್ ಹಚ್ಚಿದೆನೋ. ಈಗ ಎತ್ತಿದ. ಕಾರು ಆಗಲೇ ಟ್ರ್ಯಾಕ್ ಮುಟ್ಟಿದೆ.

"ವಾಸೀಮ್, ಅಪ್ಪ ತೊಳದಾಗ ಹಳೇವು ಹೊಸಾವು ಕೂಡ್ಯಾವು, ನಿನ್ನ ಎಂಜಿನ್ನಿನ್ಯಾಗ ಮೂರು ಬೋಲ್ಟ್ ಹಳೇವು ಬಿದ್ದಾವು. ಓಡಿಸಬ್ಯಾಡ."

"ಇವತ್ತ ಎಂಟು ಸಾವಿರದ ತನಕಾ ಎಳದೇನ್ರಿ. ಬೆಣ್ಣಿಹಂಗ ಐತಿ."

"ಇವತ್ತ ನಡೀತು ಅಂತ ನಾಳೆ ನಡೀತೈತೇನು?"

"ಅಕ್ಕಾ, ಕಾರ್ಡ್ ನನ್ನ ಕಡೆನ ಐತಿ. ಒಂದೊಂದೂ ಅಳದೇನಿ ಅಂತ ನೀವ ಟಿಕ್ ಹಾಕೀರಿ. ಅದನ್ನ ನಂಬ್ಲ್ಯೋ, ಈಗ ಹೇಳೂದನ್ನ ನಂಬ್ಲ್ಯೋ? ಕಾಕಾಗ ವಯಸ್ಸಾತು, ಎಲ್ಲೋ ಗೊಂದಲಾ ಮಾಡ್ಕೊಂಡಾರ. ನೀವು ಅಂಜಬ್ಯಾಡ್ರಿ."

ಕಾರ್ಡ್ ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಫೋನ್ ಇಟ್ಟ. ಆಮೇಲೆ ಸ್ವಿಚ್ ಆಫ್.

ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಮುಂಜಾನಿ ಫಸ್ಟ್ ಬಸ್ಸಿಗೆ ಹೋಗೂನು," ಅಂದ.

ಡಿಸೆಂಬರ್ 7, ರವಿವಾರ. ಮಧ್ಯಾಹ್ನ 3. ಟ್ರ್ಯಾಕ್ ಹತ್ತಿರ

ಬೆಳಗಾವಿಯಲ್ಲಿ ಬಸ್ ಬದಲಿಸಿ ಮುಟ್ಟಿದಾಗ ಹನ್ನೊಂದೂವರೆ. ವಾಸೀಮನ ಕಾರು ಸಾಲಿನಲ್ಲಿತ್ತು, ಎಂಜಿನ್ ಚಾಲೂ. ಹೆಲ್ಮೆಟ್ ಹಾಕಿ ಒಳಗೆ ಕೂತಿದ್ದ.

ನಾನು ಹಗ್ಗದ ಈಚೆಯೇ ನಿಂತುಬಿಟ್ಟೆ. ಅಪ್ಪ ಬಗ್ಗಿ ಹಗ್ಗ ದಾಟಿದ. ಯಾರೋ ಮರಾಠಿಯಲ್ಲಿ ಬೈದರು. ಅಪ್ಪ ಹೋಗಿ ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತ.

"ಕಾಕಾ, ಸರೀರಿ!"

"ಬಂದ್ ಮಾಡಪಾ. ತಪ್ಪು ನಂದೈತಿ. ನನ್ನ ಕೈಲೆ ಹಳೇವು ಕೂಡ್ಯಾವು. ಹೋಗಬೇಕಂದ್ರ ನನ್ನ ಮ್ಯಾಲ ಹಾಯಿಸ್ಕೊಂಡ ಹೋಗು."

ಎಷ್ಟು ಜನ ನೋಡುತ್ತಿದ್ದರು! ಅಪ್ಪ ಯಾರ ಮುಂದೆಯೂ ತಪ್ಪು ಒಪ್ಪಿದ್ದನ್ನು ನಾನು ಕಂಡಿಲ್ಲ. ಆಗಲೂ ನಾನು ತುಟಿ ಬಿಚ್ಚಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆ.

ವಾಸೀಮ್ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

ಶೆಡ್ಡಿನಲ್ಲಿ ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಬಿಚ್ಚಿದೆವು. ಮೂರನೇ ಸಿಲಿಂಡರಿನ ಬೋಲ್ಟ್ ಒಂದು ನಡುವಿನಲ್ಲಿ ಸಣಕಲಾಗಿ, ಉಗುರು ಸಿಕ್ಕುವಷ್ಟು ಬಿರುಕು ಬಿಟ್ಟಿತ್ತು. ವಾಸೀಮ್ ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತ. ಆಮೇಲೆ ಅಪ್ಪನ ಕಡೆ ತಿರುಗಿದ.

"ನನ್ನ ಕೊಂದ ಬಿಡತಿದ್ರಿ ಕಾಕಾ. ಇನ್ನ ನೀವು ಗ್ಯಾರೇಜಿನ್ಯಾಗ ಕಾಲಿಡಬ್ಯಾಡ್ರಿ."

ಅಪ್ಪ ಆಗಲಿ ಎಂಬಂತೆ ತಲೆ ಅಲ್ಲಾಡಿಸಿದ.

ಡಿಸೆಂಬರ್ 10, ಬುಧವಾರ. ಬೆಳಗ್ಗೆ 9

ಮೂರು ದಿನ ಆಯಿತು. ಅಪ್ಪ ಒಳಗೆ ಬರುತ್ತಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂರುತ್ತಾನೆ. ದೊಡವಾಡದ ರೈತರೊಬ್ಬರು ಟ್ರ್ಯಾಕ್ಟರ್ ತಂದು ಏನೋ ಕೇಳಿದರೆ, "ಒಳಗ ಆಕೀನ್ನ ಕೇಳ್ರಿ. ನನಗ ತಿಳಿಯೂದಿಲ್ಲ," ಅಂದುಬಿಟ್ಟ. ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪಾ, ನಾ ಅಳದಿದ್ದಿಲ್ಲ. ಆ ಟಿಕ್ ಎಲ್ಲಾ ಸುಳ್ಳು."

"ಗೊತ್ತೈತಿ."

"ಹೆಂಗ?"

"ಬಾಗಲದಾಗ ಕುಂತಿದ್ನೆಲ್ಲ. ಎಂಟು ಅಳ್ಯಾಕ ಅರ್ಧಾ ತಾಸರೆ ಬೇಕು. ನೀ ಮೈಕ್ರೋಮೀಟರ್ ಹೊರಗ ತಗೀಲೇ ಇಲ್ಲ. ಹೊಸಾವಲ್ಲ, ನಡೀತೈತಿ ಅಂತ ನಾನೂ ಸುಮ್ನಿದ್ನಿ."

"ಮತ್ತ ಅಷ್ಟ ಮಂದಿ ಮುಂದ ನಂದ ತಪ್ಪು ಅಂತ ಯಾಕ ನಿಂತಿ?"

"ನನ್ನ ಹೆಸರು ಹೋದ್ರ ಏನಾಗೂದೈತಿ? ಇನ್ನ ಎಂಜಿನ್ ಕಟ್ಟಾಕಿ ನೀ."

ಅಳು ಬಂತು. ಸಿಟ್ಟೂ ಬಂತು. ಹೀಗೆ ಸಿಕ್ಕ ಹೆಸರಿನಿಂದ ನಾನು ಯಾರ ಎಂಜಿನ್ ಕಟ್ಟಲಿ?

9.40

ವಾಸೀಮನಿಗೆ ಫೋನ್ ಹಚ್ಚಿದ್ದೇನೆ. ಸ್ಪೀಕರ್ ಮೇಲೆ. ಅಪ್ಪ ಬೇಡ ಬೇಡ ಎಂದು ಕೈ ಮಾಡುತ್ತಿದ್ದಾನೆ. ರಿಂಗ್ ಆಗುತ್ತಿದೆ. ತಡವರಿಸಬಾರದು, ಅದಕ್ಕೇ ಅವನಿಗೆ ಹೇಳುವ ಮಾತನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ — ಕಾಕಾಗ ಅಂದ ಮಾತು ನನಗ ಅನಬೇಕಿತ್ತು. ನಾ ಅಳೀಲಿಲ್ಲ. ಅಳದೇನಿ ಅಂತ ಬರದು ನಿನ್ನ ಕೈಯಾಗ

ಎತ್ತಿದ —