ಆಯುಧಪೂಜೆಯ ಮರುದಿನದ ಗುಂಡು

ದಾಸರಹಳ್ಳಿ
ಗುರುವಾರ

ಆವಲಪ್ಪಣ್ಣನವರಿಗೆ,

ಈ ಕಾಗದ ಕೈ ಸೇರುವಾಗ ನಿಮ್ಮ ಮನೆಯವರು ಸೊಣ್ಣಮ್ಮನವರು ಪಕ್ಕದಲ್ಲಿದ್ದರೆ ಮೊದಲು ನೀವೊಬ್ಬರೇ ಓದಿಕೊಳ್ಳಿ. ಆಮೇಲೆ ಅವರಿಗೆ ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು. ಫ್ಯಾಕ್ಟರಿ ಗೇಟಿನಲ್ಲಿ ಕೂತು ದಿನಾ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ನೀವು. ತಿಳಿಯದ ಕಡೆ ಎರಡು ಸಲ ಓದಿ.

ಕಳೆದ ಭಾನುವಾರ ನೀವು ನಮ್ಮ ಮನೆಗೆ ಬಂದಿರಿ. ಜಗಲಿಯ ಮೇಲೆ ಕೂತಿದ್ದ ನನ್ನ ಯಜಮಾನರ ಎದುರಿಗೆ ಟವೆಲು ತೆಗೆದು ನಿಂತಿರಿ. ನಾನು ಎರಡು ಲೋಟ ಕಾಫಿ ಹಿಡಿದು ಹೊಸಿಲ ಒಳಗಿದ್ದೆ. "ಸಾರ್, ಒಂದ್ ಮಾತು ಏಳ್ಬೇಕು. ಒಂಬತ್ತು ವರ್ಸದಿಂದ ಒಟ್ಟೇಲಿ ಇಟ್ಕೊಂಡಿವ್ನಿ," ಅಂದಿರಿ. "ಆಸ್ಪತ್ರೇಲಿ ನೀವು ಕೇಳಿದ್ರಲ್ಲ, ಕೋವಿ ನಳಿಗೆ ಒಳಗೆ ನೋಡಿದ್ಯಾ ಅಂತ. ನೋಡಿದ್ದೆ, ಆಕಾಸ ಕಾಣ್ತಿತ್ತು ಅಂದೆ. ಸುಳ್ಳು ಸಾರ್. ನಾನು ನೋಡ್ಲೇ ಇಲ್ಲ. ಪೂಜೆ ಕುಂಕುಮ ಒರಸ್ಬಾರ್ದು ಅಂತ ಅಂಗೇ ಎತ್ಕೊಂಡ್ಬಿಟ್ಟೆ. ಒಳಗೆ ಕುಂಬಾರ ಉಳ ಮಣ್ಣು ಮೆತ್ತಿತ್ತೋ ಏನೋ. ಅದಕ್ಕೇ ಸಿಡಿದಿರೋದು. ತೆಪ್ಪು ನಂದು."

ಅವರು ತಲೆ ಅಲ್ಲಾಡಿಸಿದರು. "ಒಂದೇ ದಿನದಲ್ಲಿ ಯಾವ ಹುಳಾನೂ ಅಷ್ಟು ಮಣ್ಣು ಮೆತ್ತಲ್ಲ ಕಣಯ್ಯ. ನನ್ನ ಸಮಾಧಾನಕ್ಕೆ ಕಥೆ ಕಟ್ಟಬೇಡ. ಆ ನಳಿಗೆ ಕೊರೆದಿದ್ದು ನಾನು, ಕೆಡಿಸಿದ್ದೂ ನಾನು." ನೀವು ಎಡಗೈಯಲ್ಲಿ ಉಳಿದ ಮೂರು ಬೆರಳಿನಿಂದ ಟವೆಲು ಹಿಡಿದು ಕಣ್ಣೊರೆಸಿಕೊಂಡಿರಿ. ಕಾಫಿಯ ಮೇಲೆ ಕೆನೆ ಕಟ್ಟಿತು. ನಾನು ಹೊಸಿಲು ದಾಟಲಿಲ್ಲ. ಕೊನೆಗೆ ಕಾಫಿ ಕುಡಿಯದೆಯೇ ಹೋದಿರಿ.

ಹುಳ ಅಲ್ಲ ಆವಲಪ್ಪಣ್ಣ. ಅವರ ಕೈಯ ತಪ್ಪೂ ಅಲ್ಲ. ನಾನು.

ಇದನ್ನು ಬರೆದ ಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದರೂ ಹಾಕಿದೆ.

ಆ ಕೋವಿಯ ಕೆಲಸ ಶುರುವಾದಾಗ ನಿಮಗೂ ಅವರಿಗೂ ಇದ್ದ ಹುರುಪು ನೆನಪಿದೆಯೇ? ಜಿಗಣಿ ಹತ್ತಿರ ಜಮೀನು ಮಾಡಿಕೊಂಡಿದ್ದ ನಿವೃತ್ತ ಮೇಜರ್ ತೋಟಾ ಕೂರಿಸಿ ಮುಚ್ಚುವ ಒಂದು ಹಳೆಯ ಜರ್ಮನ್ ಬೋಲ್ಟನ್ನೂ ಮಹಾಯುದ್ಧಕ್ಕೆ ಮೊದಲು ಇಂಗ್ಲೆಂಡಿನಿಂದ ತರಿಸಿದ್ದ ಒಂದು ನಳಿಗೆಯನ್ನೂ ಗೋಣಿಯಲ್ಲಿ ಸುತ್ತಿ ಪೀಣ್ಯದ ನಮ್ಮ ಶೆಡ್ಡಿಗೆ ತಂದಿದ್ದರು. ಬನ್ನೇರುಘಟ್ಟದ ಕಡೆಯಿಂದ ಇಳಿಯುವ ಪುಂಡಾನೆಗೆ ಅರಣ್ಯ ಇಲಾಖೆಯವರು ಆ ಮೇಜರನ್ನೇ ಕರೆಯುತ್ತಿದ್ದ ಕಾಲ. ಜೊತೆಗೆ ಒಂದು ತಗಡಿನ ಡಬ್ಬಿಯ ತುಂಬ ತೋಟಾ. ಮುನ್ನೂರ ಎಪ್ಪತ್ತೈದು ಮ್ಯಾಗ್ನಮ್ ಎಂದು ನಮ್ಮವರು ಹೇಳಿದರೆ, ನೀವು ಒಂದನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, "ಬುಡದಾಗೆ ಡಾಬು ಕಟ್ಕೊಂಡವ್ಳೆ ನೋಡಿ ಅಮ್ಮಾವ್ರೆ, ಮದುವಣಗಿತ್ತಿ ಅಂಗೆ," ಎಂದು ನನಗೆ ತೋರಿಸಿದಿರಿ. ನಿಜವಾಗಿಯೂ ಸೊಂಟಕ್ಕೆ ಪಟ್ಟಿ ಇತ್ತು. ನನ್ನ ನಡುಬೆರಳಿಗಿಂತ ಉದ್ದ. ನಾನು ಮುಟ್ಟಲಿಲ್ಲ. ನಮ್ಮ ಮಾವನವರ ಕಾಲಕ್ಕಿಂತಲೂ ಹಳೆಯ ಮದ್ದು ಅದು. ಆನೆಯ ತಲೆಬುರುಡೆ ಒಡೆಯಲೆಂದೇ ಯಾರೋ ಯೋಚಿಸಿ ಮಾಡಿದ ವಸ್ತು ನನ್ನ ಮನೆಯವರ ಮೇಜಿನ ಮೇಲೆ, ನನ್ನ ಮನೆಯವರ ಊಟದ ಡಬ್ಬಿಯ ಪಕ್ಕದಲ್ಲಿ ಕೂತಿತ್ತು.

ಹಗಲು ಫ್ಯಾಕ್ಟರಿಯ ಟೂಲ್ ರೂಮು, ಸಂಜೆ ಶೆಡ್ಡು. ಎಂಟು ತಿಂಗಳು. ನಳಿಗೆಯಲ್ಲಿ ತೋಟಾ ಕೂರುವ ಜಾಗವನ್ನು ನಮ್ಮವರು ಕೂದಲಿನಷ್ಟು ಕೂದಲಿನಷ್ಟೇ ಕೊರೆಯುತ್ತಿದ್ದರು. ಬೀಟೆ ಮರದ ಹಿಡಿ ನಿಮ್ಮದು. ಲೋಹಕ್ಕೆ ದೀಪದ ಮಸಿ ಹಚ್ಚಿ ಮರದಲ್ಲಿ ಕೂರಿಸಿ, ಎತ್ತಿ, ಮಸಿ ಅಂಟಿದ ಕಡೆ ಮಾತ್ರ ಹೆರೆಯುವುದು. ಮತ್ತೆ ಮಸಿ, ಮತ್ತೆ ಹೆರೆಯುವುದು. ಆ ಮಸಿಯನ್ನು ನನ್ನ ಅಡಿಗೆಮನೆಯಿಂದಲೇ ಒಯ್ಯುತ್ತಿದ್ದಿರಿ. ಬಲಗೈ ಅರದ ಹಿಡಿಯಲ್ಲಿ, ಎಡಗೈ ಬೆರಳುಗಳು ಅದರ ತುದಿಯಲ್ಲಿ. ಆ ಎಡಗೈ ಒತ್ತಿದಷ್ಟೇ ಅರ ತಿನ್ನುತ್ತದೆ ಎಂದು ಹೇಳಿಕೊಟ್ಟವರೂ ನೀವೇ.

ನಾನು ಕವಿತೆ ಓದುವವಳು, ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಕೋವಿ ಮುಗಿಯುತ್ತ ಬಂದಂತೆ ನನಗೆ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ನೀವಿಬ್ಬರೂ ಅದನ್ನು ಲಾರಿ ಟಯರಿಗೆ ಕಟ್ಟಿ, ದೂರ ನಿಂತು, ಹಗ್ಗದಿಂದ ಟ್ರಿಗರ್ ಎಳೆದು ಎರಡು ಗುಂಡು ಹಾರಿಸಿ ಬಂದ ದಿನ ಅವರು ಮಕ್ಕಳ ಹಾಗೆ ನಗುತ್ತಿದ್ದರು. "ಗಂಟೆ ಬಾರಿಸಿದ ಹಾಗೆ ಬಂತು ವತ್ಸಲಾ, ಎಲ್ಲೂ ಒಂದು ಬಿರುಕಿಲ್ಲ." ವಿಜಯದಶಮಿಯ ದಿನ ಮಾದನಾಯಕನಹಳ್ಳಿಯ ಕಲ್ಲುಗಣಿಯಲ್ಲಿ, ಮೇಜರ್ ಎದುರಿಗೆ, ತಾವೇ ಹೆಗಲಿಗೆ ಕೊಟ್ಟು ಹೊಡೆಯುವುದೆಂದು ಗೊತ್ತು ಮಾಡಿಕೊಂಡರು.

ಹಿಂದಿನ ದಿನ ಆಯುಧಪೂಜೆ. ಶೆಡ್ಡಿನಲ್ಲಿ ಲೇತಿಗೆ, ಅರಗಳಿಗೆ ಪೂಜೆ ಆಯಿತು. ಕೋವಿಯನ್ನು ಮಾತ್ರ ಅಲ್ಲಿ ಬಿಡುವ ಹಾಗಿಲ್ಲ, ಲೈಸೆನ್ಸಿನ ವಿಷಯ. ಮನೆಗೆ ತಂದು ನಡುಮನೆಯ ಮಣೆಯ ಮೇಲೆ ಇಟ್ಟರು. ನಮ್ಮ ಅತ್ತೆ ಈಶ್ವರಮ್ಮನವರು ಗಂಧ, ಕುಂಕುಮ ಹಚ್ಚಿದರು, ಸೇವಂತಿಗೆ ಏರಿಸಿದರು, ಆರತಿ ಎತ್ತಿದರು. "ಇನ್ನು ನಾಳೆ ಕೆಲ್ಸಕ್ಕೆ ಎತ್ತೋವರ್ಗೂ ಯಾರೂ ಕದಲಿಸಬಾರ್ದು. ಮೊದಲ ಕೆಲ್ಸ ಆಗೋವರ್ಗೂ ಕುಂಕುಮ ಒರೆಸಬಾರ್ದು," ಅಂದರು. ಅವರು ದೇವಸ್ಥಾನಕ್ಕೆ ಹೊರಟರು. ಯಜಮಾನರು ಶೆಡ್ಡಿನ ಮಂಗಳಾರತಿ ತಟ್ಟೆ ಹಿಡಿದು ನೆರೆಹೊರೆಗೆ ಪುರಿ ಹಂಚಲು ಹೋದರು.

ಮನೆಯಲ್ಲಿ ನಾನು, ಎಂಟು ವರ್ಷದ ಮಗಳು ಪ್ರಭಾ, ಮಣೆಯ ಮೇಲೆ ಅದು. ಪ್ರಭಾ ಎದುರಿನ ಗೋಡೆಗೆ ಒರಗಿ ಚಿತ್ರ ಬರೆಯುತ್ತಿದ್ದಳು. ಕೋವಿಯ ಬಾಯಿ ನೇರ ಅವಳ ಎದೆಗೆ. ತೋಟಾ ಇಲ್ಲ ಎಂದು ಗೊತ್ತು. ಡಬ್ಬಿ ಬೀಗದೊಳಗಿದೆ ಎಂದು ಗೊತ್ತು. ಅವಳನ್ನು ಈಚೆ ಕೂರಿಸಿದೆ. ಆಗ ಅದು ನನ್ನನ್ನು ನೋಡಿತು. ನಾನು ಅಡಿಗೆಮನೆಗೆ ಹೋದರೆ ಬೆನ್ನು ತಣ್ಣಗಾಗುತ್ತಿತ್ತು. ತಿರುಗಿಸಿ ಇಡೋಣವೆಂದರೆ ಕದಲಿಸುವ ಹಾಗಿಲ್ಲ. ಬಟ್ಟೆ ಹೊದಿಸೋಣವೆಂದರೆ ಕುಂಕುಮ ಅಳಿಸುತ್ತದೆ. ಕೊನೆಗೆ ದೇವರ ಮುಂದಿನ ಬಟ್ಟಲಿನಲ್ಲಿ ತುಪ್ಪದಲ್ಲಿ ನೆನೆದಿದ್ದ ಮೂರು ಹೂಬತ್ತಿ ತೆಗೆದುಕೊಂಡು ಆ ತೂತಿಗೆ ತುರುಕಿದೆ. ಬಿಳಿಯದು ಹೊರಗೆ ಕಂಡರೆ ಅತ್ತೆ ಬೈದಾರೆಂದು ಊದುಬತ್ತಿ ಕಡ್ಡಿಯಿಂದ ಒಳಕ್ಕೆ ದೂಡಿದೆ. ಒಂದಾದ ಮೇಲೆ ಒಂದು, ಬಿಗಿಯಾಗಿ. ಆಗ ಸಮಾಧಾನವಾಯಿತು. ಕೈ ತೊಳೆದು ಮಗುವಿಗೆ ಊಟ ಹಾಕಿದೆ.

ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡಿದ್ದೆ. ಹತ್ತು ಗಂಟೆಗೆ ಹೊರಡುವ ಮಾತಾಗಿತ್ತು. ಮೇಜರ್ ಜೀಪು ಏಳಕ್ಕೇ ಬಂತಂತೆ. ನಾನು ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಮಣೆಯ ಮೇಲೆ ಸೇವಂತಿಗೆ ಮಾತ್ರ ಇತ್ತು.

ಆದರೂ ನಾನು ಹೆದರಲಿಲ್ಲ, ಮೊದಲಿಗೆ. ಆವಲಪ್ಪ ಇದ್ದಾರಲ್ಲ ಅಂದುಕೊಂಡೆ. ಹೊಡೆಯುವ ಮೊದಲು ನೀವು ಉದ್ದ ಸಲಾಕೆಯ ತುದಿಗೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಆಡಿಸಿ, ಬೋಲ್ಟ್ ತೆಗೆದು, ಮೇಲೆ ಹಿಡಿದು, ಒಂದು ಕಣ್ಣು ಮುಚ್ಚಿ ಆಕಾಶ ನೋಡುವುದನ್ನು ನೂರು ಸಲ ಕಂಡಿದ್ದೆ. ಆಮೇಲೆ ಅತ್ತೆಯ ಮಾತು ನೆನಪಾಯಿತು, ಮೊದಲ ಕೆಲಸ ಆಗುವವರೆಗೆ ಒರೆಸಬಾರದು ಎಂಬುದು. ನೀವು ಆ ಮಾತನ್ನು ಅತ್ತೆಗಿಂತ ಹೆಚ್ಚಾಗಿ ಪಾಲಿಸುವವರು ಎಂಬುದೂ ನೆನಪಾಯಿತು. ಒದ್ದೆ ಕೂದಲಲ್ಲೇ ತುಮಕೂರು ರಸ್ತೆಗೆ ಓಡಿದೆ. ಹಬ್ಬದ ದಿನ, ಬಸ್ಸಿನ ಮುಖಕ್ಕೆ ಬಾಳೆಕಂಬ. ಪ್ರತಿ ನಿಲ್ದಾಣದಲ್ಲೂ ಡ್ರೈವರ್ ಇಳಿದು ಯಾರದೋ ಕೈಯಿಂದ ಪುರಿ ತಿಂದು ಹತ್ತುತ್ತಿದ್ದ. "ಬೇಗ ಬಿಡಿಯಪ್ಪಾ," ಅಂದರೆ ಕಂಡಕ್ಟರ್, "ಹಬ್ಬದ ದಿನ ಯಾಕಕ್ಕಾ ಅವಸರ, ಗಂಡ ಓಡೋದ್ನಾ?" ಎಂದು ನಗಿಸಿದ. ಬಸ್ಸೆಲ್ಲ ನಕ್ಕಿತು.

ಗಣಿಗೆ ರಸ್ತೆ ಗುರಿಯ ಕಡೆಯಿಂದಲೇ ಬರುತ್ತದೆಂದು ನನಗೇನು ಗೊತ್ತು? ಬಂಡೆ ಸುತ್ತಿ ಬಂದಾಗ ಎದುರಿಗೆ ಹತ್ತು ಜನ, ನಡುವೆ ನಮ್ಮವರು, ಅವರ ಕೆನ್ನೆಗೆ ಕೋವಿ, ಅದರ ಬಾಯಿ ನನ್ನ ಕಡೆ. ಎಲ್ಲರೂ ಕೂಗಿದರು. ಅವರು ಕೋವಿ ಇಳಿಸಿದರು. ಅವರ ಮುಖ ಸುಣ್ಣದ ಹಾಗಿತ್ತು. "ಹುಚ್ಚು ಹಿಡಿದಿದೆಯೇನೇ ನಿನಗೆ?" ಎಂದು ಅಷ್ಟು ಜನರ ಮುಂದೆ ಗದರಿಸಿದರು.

ಎಂ.ಎ. ಓದಿದವಳು ಆನೆ ಹೊಡೆಯುವ ಕೋವಿಗೆ ಹೆದರಿ ಬತ್ತಿ ತುರುಕಿದೆ ಎಂದು ಮೇಜರ್ ಎದುರಿಗೆ, ಅವರ ಎಂಟು ತಿಂಗಳ ಕೆಲಸದ ಎದುರಿಗೆ, ಹೇಗೆ ಹೇಳಲಿ? "ಅತ್ತೆ ಬಿದ್ದುಬಿಟ್ಟಿದ್ದಾರೆ, ಬೇಗ ಬನ್ನಿ," ಅಂದೆ. ಇವರೊಬ್ಬರು ಅಲ್ಲಿಂದ ಬಂದರೆ ಸಾಕು, ಗುಂಡು ತಾನೇ ನಿಲ್ಲುತ್ತದೆ ಎಂದು ನನ್ನ ಲೆಕ್ಕ.

ಅವರು ಕೋವಿಯನ್ನು ನಿಮ್ಮ ಕೈಗೆ ಕೊಟ್ಟರು. "ಮುಹೂರ್ತ ಮೀರಬಾರ್ದು ಆವಲಪ್ಪ. ನೀನೇ ಹೊಡಿ."

ನೀವು ಅದನ್ನು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡಿರಿ. ನನ್ನ ಕಡೆ ತಿರುಗಿ, "ನೀವ್ ಓಗಿ ಅಮ್ಮಾವ್ರೆ, ಎದರ್ಕೋಬೇಡಿ. ಅಜ್ಜಿಗೇನೂ ಆಗಿರಾಕಿಲ್ಲ," ಅಂದಿರಿ.

ಆವಲಪ್ಪಣ್ಣ, ಅಲ್ಲಿಂದ ಜೀಪಿಗೆ ಇಪ್ಪತ್ತು ಹೆಜ್ಜೆ ಇತ್ತು. ಪ್ರತಿ ಹೆಜ್ಜೆಗೂ ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ ಅಂದುಕೊಂಡೆ. ನಮ್ಮವರ ಜೊತೆ ಜೀಪಿನಲ್ಲಿ ಕೂತೆ. ಬಾಗಿಲು ಹಾಕಿದರು. ಈಗ ಹೇಳುತ್ತೇನೆ ಅಂದುಕೊಂಡೆ. ಆಗ ಬಂಡೆಗಳ ನಡುವೆ ಆ ಸದ್ದು ಬಂತು. ಅದರ ಹಿಂದೆಯೇ ನಿಮ್ಮ ಸದ್ದು.

ನಳಿಗೆಯ ತುದಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತ್ತು. ಒಂದು ಚೂರು ನಿಮ್ಮ ಎಡಗೈಗೆ ಹಿಂದಕ್ಕೆ ಬಂದಿತ್ತು. ಆಸ್ಪತ್ರೆಯಲ್ಲಿ ನಮ್ಮವರು ಮೊದಲು ಕೇಳಿದ್ದೇ, ನಳಿಗೆಯೊಳಗೆ ನೋಡಿದ್ದೆಯಾ, ಏನಾದರೂ ಇತ್ತಾ ಎಂದು. ನೀವು ಇಲ್ಲ ಅಂದಿರಿ, ಆಕಾಶ ಕಾಣುತ್ತಿತ್ತು ಅಂದಿರಿ. ನಾನು ಮಂಚದ ಕಾಲಿನ ಕಡೆ ನಿಂತಿದ್ದೆ. ಅತ್ತೆ ಬಿದ್ದಿಲ್ಲವೆಂದು ತಿಳಿದಾಗ, ಯಾರೋ ಹೇಳಿದ್ದನ್ನು ನಂಬಿ ಓಡಿ ಬಂದೆ ಅಂದೆ, ಆ ಗಲಾಟೆಯಲ್ಲಿ ಯಾರೂ ಕೆದಕಲಿಲ್ಲ. ನಿಮ್ಮ ಆ ಒಂದು ಸುಳ್ಳಿನ ಹಿಂದೆ ಒಂಬತ್ತು ವರ್ಷ ಅವಿತುಕೊಂಡೆ. ಅವರು ತಮ್ಮ ಕೈಯನ್ನೇ ಶಂಕಿಸಿ ಲೈಸೆನ್ಸು ಒಪ್ಪಿಸಿದರು. ಟೂಲ್ ರೂಮು ಬೇಡವೆಂದು ಬರೆದುಕೊಟ್ಟು ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಹಂಚುತ್ತಿದ್ದಾರೆ. ನೀವು ಗೇಟು ತೆರೆದು ಮುಚ್ಚುತ್ತಿದ್ದೀರಿ. ನಾನು ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದೇನೆ. ಮನೆಯಲ್ಲಿ ಪಾತ್ರೆ ಬಿದ್ದರೂ, ರಸ್ತೆಯಲ್ಲಿ ಟಯರ್ ಒಡೆದರೂ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತೇನೆ, ಯಾರೋ ಈಗ ಕೇಳಿಬಿಡುತ್ತಾರೆ ಎನ್ನುವ ಹಾಗೆ.

ಶುಕ್ರವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಇಷ್ಟನ್ನೂ ಅವರ ಕೈಗೆ ಕೊಟ್ಟೆ. ಅವರು ಕಿಟಕಿಯ ಹತ್ತಿರ ನಿಂತು ಓದಿದರು. ನಾನು ಒಲೆಯ ಮುಂದೆ ನಿಂತು, ಕೂಗುತ್ತಾರೆ, ತಟ್ಟೆ ಎಸೆಯುತ್ತಾರೆ, ಮನೆ ಬಿಟ್ಟು ನಡೆ ಅನ್ನುತ್ತಾರೆ ಎಂದು ಎಲ್ಲವನ್ನೂ ಎದುರು ನೋಡಿದೆ. ಓದಿ ಮುಗಿಸಿ, "ಎಷ್ಟು ಒಳಕ್ಕೆ ಹೋಗಿತ್ತು?" ಎಂದು ಕೇಳಿದರು. ಶೆಡ್ಡಿನಲ್ಲಿ ಕೇಳುವ ಹಾಗೆ. ತೋರುಬೆರಳಿನಷ್ಟು ಅಂದೆ. ಅವರು ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು. "ಹಾಗಾದ್ರೆ ನನ್ನ ಕೆಲಸ ಸರಿಯಾಗಿತ್ತು," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಚಪ್ಪಲಿ ಮೆಟ್ಟುವಾಗ ತಿರುಗಿ ಹೇಳಿದರು: "ಬತ್ತಿ ಇಟ್ಟಿದ್ದು ಭಯಕ್ಕೆ. ಅದನ್ನ ನಾನು ಮರೆತೇನು. ಆದ್ರೆ ನಾನು ಅವನ ಕೈಗೆ ಕೋವಿ ಕೊಟ್ಟಾಗ ನೀನು ನೋಡ್ತಿದ್ದೆ ವತ್ಸಲಾ. ಅದನ್ನ ಮರೀಬೇಕಾದೋನು ನಾನಲ್ಲ, ಅವನು. ಅವನ ಹತ್ರ ಒಬ್ಬಳೇ ಹೋಗು."

ಅವರು ಹೇಳಿದ್ದು ನಿಜ. ಗಂಡನನ್ನು ಉಳಿಸಿಕೊಂಡೆ ಎಂದು ಇಷ್ಟು ವರ್ಷ ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ನಿಮ್ಮನ್ನು ಕೊಟ್ಟು ಉಳಿಸಿಕೊಂಡೆ. ಸೊಣ್ಣಮ್ಮನವರ ಗಂಡನನ್ನು ಕೊಟ್ಟು.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ನಿಮ್ಮೂರಿಗೆ ಬರುತ್ತೇನೆ. ಅಷ್ಟರಲ್ಲಿ ಕಾಗದ ತಲುಪಿರುತ್ತದೆ. ಒಳಗೆ ಕರೆಯಬೇಕಾಗಿಲ್ಲ. ಬೈಯಬೇಕೆನಿಸಿದರೆ ಬೀದಿಯವರೆಲ್ಲ ಕೇಳುವ ಹಾಗೆ ಬೈಯಿರಿ. ಸೊಣ್ಣಮ್ಮನವರು ಪೊರಕೆ ಎತ್ತಿದರೂ ನಾನು ಅಲ್ಲಾಡುವುದಿಲ್ಲ. ಕದವೇ ತೆರೆಯದಿದ್ದರೆ ಸಂಜೆಯ ಬಸ್ಸಿನವರೆಗೆ ನಿಂತಿದ್ದು ಹಿಂತಿರುಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಈ ಸಲ ಬೇರೆ ಯಾರೋ ಬಿದ್ದರೆಂದು ಹೇಳುವುದಿಲ್ಲ.

ಹೆದರಿಕೆ ಇನ್ನೂ ಇದೆ, ಆವಲಪ್ಪಣ್ಣ. ಹೆದರಿಕೊಂಡೇ ಬರುತ್ತೇನೆ.

ನಿಮಗೆ ಉಳಿದಿರುವುದೆಲ್ಲ ನೂರು ಕಾಲ ಗಟ್ಟಿಯಾಗಿರಲಿ ಎಂದು ದೇವರಲ್ಲಿ ಬೇಡುತ್ತ, ನಿಮ್ಮ ಹೊಸಿಲಿನಾಚೆ ನಿಲ್ಲಲಿರುವ

ವತ್ಸಲಾ ರಾಮಪ್ರಸಾದ